ಕ್ಯಾಂಟನ್ನಿನ ಜಾಮೀನುದಾರರು: ಚೀನಾದ ಮಾರುಕಟ್ಟೆಗೆ ವಿದೇಶಿ ಹಡಗು ಹೊಕ್ಕ ಬಗೆ

ಚೀನಾ ಬಾಗಿಲು ಹಾಕಿಕೊಂಡು ಕೂತಿತ್ತು, ಬ್ರಿಟಿಷರು ಫಿರಂಗಿ ಹಾರಿಸಿ ತೆರೆಸಿದರು ಎಂಬ ಕಥೆಯನ್ನು ನಾವೆಲ್ಲ ಓದಿದ್ದೇವೆ. ಇದರ ಮೊದಲರ್ಧ ಸರಿಯಲ್ಲ. 1684ರಲ್ಲಿ ಚಿಂಗ್ ವಂಶದ ಕಾಂಗ್‌ಶಿ ಚಕ್ರವರ್ತಿ ಕಡಲ ವ್ಯಾಪಾರದ ಮೇಲಿದ್ದ ನಿಷೇಧ ತೆಗೆದು, ಕರಾವಳಿಯ ಪ್ರಾಂತಗಳಲ್ಲಿ ಸುಂಕದ ಕಟ್ಟೆ ಹಾಕಿಸಿದ. 1757ರಲ್ಲಿ ಅವನ ಮೊಮ್ಮಗ ಚಿಯಾನ್‌ಲಾಂಗ್, ಬ್ರಿಟಿಷ್, ಡಚ್, ಫ್ರೆಂಚ್, ಡೇನಿಷ್, ಸ್ವೀಡಿಷ್ ಹಡಗುಗಳೆಲ್ಲ ಕ್ಯಾಂಟನ್ ಒಂದಕ್ಕೇ, ಅಂದರೆ ಇಂದಿನ ಗುವಾಂಗ್‌ಝೌಗೆ ಮಾತ್ರ ಬರಬೇಕೆಂದು ಕಟ್ಟು ಮಾಡಿದ. ಹಾಗೆ ಕಟ್ಟು ಮಾಡಿದ ಮೇಲೂ ವ್ಯಾಪಾರ ಕುಗ್ಗಲಿಲ್ಲ. 1784ರಲ್ಲಿ ಬ್ರಿಟನ್ ಚಹಾದ ಮೇಲಿನ ಸುಂಕವನ್ನು ನೂರಕ್ಕೆ 119ರ ಆಸುಪಾಸಿನಿಂದ 12.5ಕ್ಕೆ ಇಳಿಸಿದ್ದೇ ತಡ, ಈಸ್ಟ್ ಇಂಡಿಯಾ ಕಂಪನಿ ಕ್ಯಾಂಟನ್ನಿನಲ್ಲಿ ಕೊಳ್ಳುವ ಚಹಾ ಕೆಲವೇ ವರ್ಷಗಳಲ್ಲಿ ಇಮ್ಮಡಿ ದಾಟಿತು. ಅದೇ ವರ್ಷ ಅಮೆರಿಕದ ಮೊದಲ ಹಡಗು ಬಂತು. ಅದರ ಹೆಸರು ‘ಎಂಪ್ರೆಸ್ ಆಫ್ ಚೀನಾ’, ಅದು ತಂದ ಮುಖ್ಯ ಸರಕು ಜಿನ್ಸೆಂಗ್ ಬೇರು. ಅಮೆರಿಕಕ್ಕೆ ಚೀನಾದ ಜೊತೆ ಒಪ್ಪಂದವಿರಲಿಲ್ಲ, ಬೀಜಿಂಗ್‌ನಲ್ಲಿ ರಾಯಭಾರಿಯೂ ಇರಲಿಲ್ಲ. ಆದರೂ ಅವರು ಅರವತ್ತು ವರ್ಷ ವ್ಯಾಪಾರ ಮಾಡಿದರು.

ಅದು ಸಾಧ್ಯವಾದದ್ದು ಜಾಮೀನಿನಿಂದ. ಬರುವ ಪ್ರತಿಯೊಂದು ಹಡಗಿಗೂ ಒಬ್ಬ ಚೀನೀ ವರ್ತಕ ಹೊಣೆ ನಿಲ್ಲಬೇಕಿತ್ತು. ಹಡಗಿನ ಸುಂಕಕ್ಕೆ ಅವನೇ ಹೊಣೆ, ನಾವಿಕರ ನಡತೆಗೆ ಅವನೇ ಹೊಣೆ, ವರ್ತಕರು ಅಧಿಕಾರಿಗೆ ಹೇಳುವ ಮಾತಿಗೂ ಅವನೇ ಹೊಣೆ. ಈ ಒಂದು ಏರ್ಪಾಟನ್ನು ತಿಳಿದುಕೊಂಡರೆ ಮುಂದಿನ ರಾಯಭಾರ, ಜಗಳ, ಯುದ್ಧ ಎಲ್ಲವೂ ಅರ್ಥವಾಗುತ್ತವೆ.

ಹಡಗು ಬಂದ ಮೇಲೆ

ಹಡಗುಗಳು ಬರುತ್ತಿದ್ದದ್ದು ನೈಋತ್ಯ ಮಾರುತದ ಬೆನ್ನಿಗೆ, ಹೆಚ್ಚಾಗಿ ಜೂನ್‌ನಿಂದ ಅಕ್ಟೋಬರ್ ಒಳಗೆ. ಹಿಂದಿರುಗುವುದು ಈಶಾನ್ಯ ಮಾರುತ ಹಿಡಿದು, ನವೆಂಬರ್‌ನಿಂದ ಫೆಬ್ರವರಿಯೊಳಗೆ. ಈ ಗಾಳಿ ತಪ್ಪಿದರೆ ಒಂದು ವರ್ಷವೇ ಹೋಯಿತು. ಚೀನೀ ಅಧಿಕಾರಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಜನವರಿಯಲ್ಲಿ ರಹದಾರಿ ತಡೆಹಿಡಿದರೆ ಕಪ್ತಾನ ಎಷ್ಟು ಬೇಗ ಬಗ್ಗುತ್ತಾನೆ ಎಂಬ ಲೆಕ್ಕ ಅವರ ಕೈಬೆರಳ ತುದಿಯಲ್ಲಿತ್ತು.

ಹಡಗು ಮೊದಲು ಮಕಾವ್ ಎದುರಿಗೆ ಲಂಗರು ಹಾಕಬೇಕು. ಅಲ್ಲಿ ಪರವಾನಗಿ ಪಡೆದ ಚೀನೀ ದಾರಿಗಾರನನ್ನು ಗೊತ್ತು ಮಾಡಿಕೊಳ್ಳಬೇಕು. ಅವನು ಹಡಗು ಯಾವ ದೇಶದ್ದು, ಜನ ಎಷ್ಟು, ತೋಪು ಎಷ್ಟು ಎಂದು ಕೇಳಿ ಬರೆದುಕೊಂಡು, ಮಕಾವ್‌ನ ಚೀನೀ ಕಚೇರಿಯಿಂದ ರಹದಾರಿ ತರುತ್ತಾನೆ. ಆಮೇಲೆ ಮುತ್ತಿನ ನದಿಯ ಮುಖಕ್ಕೆ, ಹೂಮೆನ್ ಎಂಬ ಕೋಟೆಗಳ ಇಕ್ಕಟ್ಟಿಗೆ ಪಯಣ. ಹೂಮೆನ್ ಅಂದರೆ ಹುಲಿಬಾಗಿಲು. ಅಲ್ಲಿ ರಹದಾರಿ ತೋರಿಸಿದ ಮೇಲೆ ಸುಂಕದ ಕಾವಲುಗಾರರು ಹಡಗು ಹತ್ತುತ್ತಾರೆ. ಹಡಗು ಮರಳಿ ಕಡಲು ಸೇರುವವರೆಗೆ ಅವರು ಇಳಿಯುವುದಿಲ್ಲ. ಅವರ ದೋಣಿ ಹಡಗಿನ ಪಕ್ಕಕ್ಕೇ ಕಟ್ಟಿರುತ್ತದೆ.

ಹೂಮೆನ್ ದಾಟಿದ ಮೇಲೆ ನದಿಯಲ್ಲಿ ಮರಳ ದಿಬ್ಬಗಳು ಅಡ್ಡ ಬರುತ್ತವೆ. ತುಂಬಿದ ದೊಡ್ಡ ಹಡಗು ಭರತದ ನೀರು ಬಂದಾಗ ಮಾತ್ರ ಅವುಗಳನ್ನು ದಾಟಬಲ್ಲದು. ದಾರಿಗಾರರು ಹತ್ತಾರು ಸಂಪಾನ್ ದೋಣಿಗಳನ್ನು ಕೂಲಿಗೆ ಕರೆದು, ಆಳವಿರುವ ಕಾಲುವೆಯ ಎರಡೂ ಅಂಚಿಗೆ ಸಾಲಾಗಿ ನಿಲ್ಲಿಸುತ್ತಿದ್ದರು. ರಾತ್ರಿಯಾದರೆ ಪ್ರತಿ ದೋಣಿಯಲ್ಲೂ ಒಂದೊಂದು ಕಂದೀಲು. ಆ ದೀಪಗಳ ಓಣಿಯೊಳಗೆ ಹಡಗನ್ನು ಮೆಲ್ಲಗೆ ಎಳೆದು ತರುತ್ತಿದ್ದರು. ಯಾವ ನಕ್ಷೆಯನ್ನೂ ನಂಬದ ಈ ಕಸುಬು ನೂರಕ್ಕೂ ಹೆಚ್ಚು ವರ್ಷ ಸಾವಿರಾರು ಹಡಗುಗಳನ್ನು ಕ್ಷೇಮವಾಗಿ ದಾಟಿಸಿತು. ಇದರಲ್ಲಿ ರಕ್ಷಣೆಯೂ ಅಡಗಿತ್ತು: ಚೀನೀ ದಾರಿಗಾರನಿಲ್ಲದೆ ಯಾವ ದೊಡ್ಡ ಹಡಗೂ ಕ್ಯಾಂಟನ್ನಿನ ಹತ್ತಿರ ಸುಳಿಯುವಂತಿರಲಿಲ್ಲ. ಮುಂದೆ ಕಡಿಮೆ ನೀರಿನಲ್ಲೂ ಓಡುವ ಉಗಿಹಡಗು ಬಂದಾಗ ಈ ಲೆಕ್ಕ ತಲೆಕೆಳಗಾಯಿತು.

ಹಡಗು ನಿಲ್ಲುವುದು ಕ್ಯಾಂಟನ್ನಿಗೆ ಸುಮಾರು 20 ಕಿಲೋಮೀಟರ್ ಈಚೆಗಿರುವ ವಾಂಪೋವದಲ್ಲಿ. ಮಾಲು ಇಳಿಸುವ ಮುಂಚೆ ಕಪ್ತಾನ ಮೂವರನ್ನು ಗೊತ್ತು ಮಾಡಿಕೊಳ್ಳಬೇಕು: ಜಾಮೀನು ನಿಲ್ಲುವ ಹಾಂಗ್ ವರ್ತಕ (ಹಾಂಗ್ ಅಂದರೆ ಮಂಡಿ), ಕಾಗದಪತ್ರ ನೋಡಿಕೊಳ್ಳುವ ದುಭಾಷಿ, ಮತ್ತು ದಿನಸಿ, ನೀರು, ಆಳುಕಾಳು ಒದಗಿಸುವ ಕಂಪ್ರಡೋರ್. ಮೂವರಿಗೂ ಸರ್ಕಾರದ ಪರವಾನಗಿ ಇರಲೇಬೇಕು. ಹಡಗಿನವರು ನದಿಯಂಚಿನ ಹಳ್ಳಿಯಿಂದ ತಾವಾಗಿ ಒಂದು ಬುಟ್ಟಿ ತರಕಾರಿ ಕೊಂಡರೂ ತಪ್ಪು. ಬೇರೆ ಬೇರೆ ಕೈಗಳಲ್ಲಿದ್ದ ಈ ಹತೋಟಿ ಒಂದು ದಾರವಿದ್ದಂತೆ. ಜಗಳವಾದರೆ ಯುದ್ಧನೌಕೆ ತರಬೇಕಾಗಿರಲಿಲ್ಲ. ಕಂಪ್ರಡೋರ್ ಮತ್ತು ಅಡುಗೆಯವರನ್ನು ವಾಪಸ್ ಕರೆಸಿಕೊಂಡರೆ ಸಾಕು.

ನಂತರ ಅಳತೆಯ ದಿನ. ಕ್ಯಾಂಟನ್ನಿನ ಸುಂಕಾಧಿಕಾರಿಯನ್ನು ವಿದೇಶಿಯರು ಹಾಪ್ಪೊ ಎಂದು ಕರೆಯುತ್ತಿದ್ದರು. ಅವನು ಬೀಜಿಂಗ್‌ನ ಅರಮನೆಯ ಖಾಸಾ ಇಲಾಖೆಯಿಂದ ನೇಮಕವಾಗಿ ಬಂದವನು. ಅವನೋ ಅವನ ಕಡೆಯವರೋ ಅಲಂಕರಿಸಿದ ದೋಣಿಯಲ್ಲಿ ವಾದ್ಯ ಸಮೇತ ಬರುತ್ತಾರೆ, ಹಡಗು ತೋಪು ಹಾರಿಸಿ ಮರ್ಯಾದೆ ತೋರಿಸುತ್ತದೆ. ಆಮೇಲೆ ಅಳತೆಪಟ್ಟಿ ಹಿಡಿಯುತ್ತಾರೆ. ಹಿಂದಿನ ಪಟಸ್ತಂಭದಿಂದ ಮುಂದಿನ ಪಟಸ್ತಂಭದವರೆಗೆ ಉದ್ದ, ನಟ್ಟನಡುವೆ ಅಗಲ. ಅಳತೆಗೋಲು ಕೋವಿಡ್ ಎಂಬುದು, ಸುಮಾರು 36 ಸೆಂಟಿಮೀಟರ್. ಉದ್ದವನ್ನು ಅಗಲದಿಂದ ಗುಣಿಸಿ ಹತ್ತರಿಂದ ಭಾಗಿಸಿದರೆ ಹಡಗಿನ ‘ಅಳತೆ’ ಬಂತು. ಉದ್ದ 75, ಅಗಲ 23 ಎಂದುಕೊಳ್ಳಿ: ಗುಣಿಸಿದರೆ 1725, ಭಾಗಿಸಿದರೆ 172.5. ದೊಡ್ಡ ದರ್ಜೆಯ ಹಡಗಿಗೆ ಇದರ ಒಂದೊಂದು ಅಂಶಕ್ಕೆ ಏಳೂಮುಕ್ಕಾಲು ಟೇಲ್ ಬೆಳ್ಳಿಯ ಹತ್ತಿರ ದರ. ಅಂದರೆ ಸುಮಾರು 1340 ಟೇಲ್. ಇದರ ಮೇಲೆ ಕೂಡಿಸುವ, ಕಳೆಯುವ ಸಣ್ಣಪುಟ್ಟ ಬಾಬುಗಳು ಬೇರೆ.

ಹೆಚ್ಚು ಕಹಿಯಾದದ್ದು ಇದರ ಪಕ್ಕದಲ್ಲೇ ಇದ್ದ ‘ಕಾಣಿಕೆ’. ಮೊದಲು ಬೇರೆ ಬೇರೆ ಕಚೇರಿಯವರು ಕೇಳುತ್ತಿದ್ದ ಮಾಮೂಲುಗಳನ್ನೆಲ್ಲ ಸೇರಿಸಿ, 18ನೇ ಶತಮಾನದ ಮೊದಲ ಭಾಗದಲ್ಲೇ ಅದನ್ನು 1950 ಟೇಲ್ ಎಂದು ನಿಗದಿ ಮಾಡಿಬಿಟ್ಟಿದ್ದರು. ಒಂದು ಟೇಲ್ ಸುಮಾರು 37.5 ಗ್ರಾಂ. ಅಲ್ಲಿಗೆ ಒಂದು ಹಡಗಿಗೆ 73 ಕಿಲೋ ಬೆಳ್ಳಿ. ಹಡಗು ಚಿಕ್ಕದೋ ದೊಡ್ಡದೋ, ಕಾಣಿಕೆ ಅಷ್ಟೇ. ಚಿಕ್ಕ ಹಡಗಿನ ಲಾಭವೆಲ್ಲ ಅದರಲ್ಲೇ ಕರಗುತ್ತಿತ್ತು. ಚೀನಾಕ್ಕೆ ಹೋಗುವ ಕಂಪನಿ ಹಡಗುಗಳು ಬರಬರುತ್ತ 1200 ಟನ್ನಿನವರೆಗೆ ಬೆಳೆದದ್ದಕ್ಕೆ ಈ ಲೆಕ್ಕವೂ ಒಂದು ಕಾರಣ. ಅಳತೆ ಮುಗಿದ ಮೇಲೆ ಚಕ್ರವರ್ತಿಯ ಹೆಸರಿನಲ್ಲಿ ಹಡಗಿಗೆ ಪ್ರತಿಕಾಣಿಕೆ ಬರುತ್ತಿತ್ತು: ಎರಡು ಎತ್ತು, ಎಂಟು ಚೀಲ ಗೋಧಿ ಹಿಟ್ಟು, ಎಂಟು ಜಾಡಿ ಮದ್ಯ. ದೂರದಿಂದ ಬಂದವರ ಮೇಲಿನ ಕರುಣೆ ಎಂದು ಅದನ್ನು ಕೊಡುತ್ತಿದ್ದರು. ಎತ್ತುಗಳು ಬಡಕಲಾಗಿವೆ ಎಂದು ನಾವಿಕರು ಗೊಣಗುತ್ತಿದ್ದರು.

ವರ್ತಕರು ಮಾತ್ರ ಕ್ಯಾಂಟನ್ನಿಗೆ ಹೋಗಿ, ಊರಿನ ಕೋಟೆಗೋಡೆಯ ಹೊರಗೆ ನದಿ ದಂಡೆಯಲ್ಲಿದ್ದ ‘ಹದಿಮೂರು ಕೋಠಿ’ಗಳಲ್ಲಿ ಬಾಡಿಗೆಗೆ ಇಳಿಯುತ್ತಿದ್ದರು. ಊರೊಳಗೆ ಕಾಲಿಡುವಂತಿಲ್ಲ, ಹೆಂಗಸರನ್ನು ಕರೆತರುವಂತಿಲ್ಲ, ಆಯುಧ ಇಟ್ಟುಕೊಳ್ಳುವಂತಿಲ್ಲ. ವಿದೇಶಿಯರಿಗೆ ಚೀನೀ ಭಾಷೆ ಕಲಿಸಿದವನಿಗೆ ಶಿಕ್ಷೆ. ವ್ಯಾಪಾರದ ಕಾಲ ಮುಗಿದ ಮೇಲೆ ಅಲ್ಲಿ ಉಳಿಯದೆ ಮಕಾವ್‌ಗೆ ಹೊರಡಬೇಕು. ತಿಂಗಳಿಗೆ ಮೂರು ದಿನ, 8, 18 ಮತ್ತು 28ನೇ ತಾರೀಖು, ದುಭಾಷಿಯ ಜೊತೆ ಹತ್ತು ಹತ್ತು ಜನರ ಗುಂಪಾಗಿ ನದಿಯಾಚೆಯ ಹೂದೋಟ ನೋಡಿ ಬರಬಹುದಿತ್ತು.

ಮಾಲು ಎಂದರೆ ಹೊರಕ್ಕೆ ಚಹಾ, ರೇಷ್ಮೆ, ಪಿಂಗಾಣಿ; ಒಳಕ್ಕೆ ಬೆಳ್ಳಿ, ಇಂಗ್ಲೆಂಡಿನ ಉಣ್ಣೆಬಟ್ಟೆ, ಭಾರತದ ಹತ್ತಿ. ನಮ್ಮ ಮೈಸೂರು ಸೀಮೆಯ ಶ್ರೀಗಂಧವೂ ಇದೇ ದಾರಿಯಲ್ಲಿ ಹೋಯಿತು. ಪಶ್ಚಿಮ ಕರಾವಳಿಯಿಂದ ಹೊರಟ ಗಂಧದ ತುಂಡುಗಳು ಕ್ಯಾಂಟನ್ನಿನಲ್ಲಿ ಸುಮಾರು 60 ಕಿಲೋದ ಪಿಕಲ್ ಲೆಕ್ಕದಲ್ಲಿ ತೂಗಿ ಮಾರಾಟವಾಗುತ್ತಿದ್ದವು. ಧೂಪಕ್ಕೆ, ಬೀಸಣಿಗೆಗೆ, ಪೆಟ್ಟಿಗೆಗಳಿಗೆ ಬಳಕೆಯಾಗುತ್ತಿದ್ದವು. ಟಿಪ್ಪು ತನ್ನ ಸೀಮೆಯ ಗಂಧ, ಮೆಣಸುಗಳು ಇಂಗ್ಲಿಷರ ಕೈಗೆ ಸಿಗದಂತೆ ತಡೆದಾಗ ಆ ಪೆಟ್ಟು ಚೀನಾ ವ್ಯಾಪಾರಕ್ಕೂ ತಟ್ಟುವಂಥದ್ದಾಗಿತ್ತು.

ಜಾಮೀನು ನಿಂತವನ ಪಾಡು

ಹಾಂಗ್ ವರ್ತಕರನ್ನು ದುಡ್ಡಿನಲ್ಲಿ ಮುಳುಗಿ ತೇಲಿದ ಸಾಹುಕಾರರೆಂದು ಚಿತ್ರಿಸುವುದು ರೂಢಿ. ಇಹೋ ಮಂಡಿಯ ಹೌಕ್ವಾ, ಅಂದರೆ ವೂ ಬಿಂಗ್‌ಜಿಯಾನ್, ಹಾಗೆಯೇ ಇದ್ದ. 1834ರಲ್ಲಿ ತನ್ನ ಆಸ್ತಿ 2.6 ಕೋಟಿ ಡಾಲರ್ ಎಂದು ಅವನೇ ಅಂದಾಜು ಹೇಳಿದ್ದ. ಆದರೆ ಅವನಂಥವರು ಬೆರಳೆಣಿಕೆಯಷ್ಟು. ಉಳಿದ ಮಂಡಿಗಳು ಒಂದರ ಹಿಂದೆ ಒಂದು ದಿವಾಳಿಯಾದವು. ಹೆಸರಿಗೆ ಹದಿಮೂರು ಮಂಡಿ ಎನ್ನುತ್ತಿದ್ದರೂ ಬಹಳ ವರ್ಷ ಅಷ್ಟು ಸಂಖ್ಯೆ ಇರಲೇ ಇಲ್ಲ.

ಕಾರಣ ಅವರ ಹಣದ ಓಡಾಟದಲ್ಲಿದೆ. ಚಹಾ ಬೆಳೆಯುವುದು ಫುಜಿಯಾನ್, ಅನ್ಹುಯಿಯಂಥ ದೂರದ ಗುಡ್ಡಗಾಡಿನಲ್ಲಿ. ಮುಂದಿನ ವರ್ಷದ ಮಾಲಿಗೆ ಈ ವರ್ಷವೇ ಮುಂಗಡ ಕೊಡಬೇಕು. ಇತ್ತ ಕಂಪನಿ ಒಬ್ಬ ವರ್ತಕನಿಂದ ಎಷ್ಟು ಚಹಾ ಕೊಳ್ಳುತ್ತದೆ ಎಂಬುದು ಅವನು ಎಷ್ಟು ಉಣ್ಣೆಬಟ್ಟೆ ಹೊರುತ್ತಾನೆ ಎಂಬುದರ ಮೇಲೆ ನಿಂತಿತ್ತು. ದಕ್ಷಿಣ ಚೀನಾದ ಸೆಕೆಗೆ ದಪ್ಪ ಉಣ್ಣೆ ಯಾರಿಗೆ ಬೇಕು? ಅದನ್ನು ನಷ್ಟಕ್ಕೆ ಮಾರಿ, ಆ ನಷ್ಟವನ್ನು ಚಹಾದ ಬೆಲೆಯಲ್ಲಿ ತುಂಬಿಕೊಳ್ಳಬೇಕು. ಸುಂಕ ಕಟ್ಟುವ ಗಡುವು ಬಂದಾಗ ಕೈಯಲ್ಲಿ ಬೆಳ್ಳಿ ಇರುವುದಿಲ್ಲ. ಅದಕ್ಕೆ ಸಾಲ. ಇದರ ಜೊತೆಗೆ ಚಕ್ರವರ್ತಿಯ ಹುಟ್ಟುಹಬ್ಬ, ಹಳದಿ ನದಿಯ ಪ್ರವಾಹ, ಗಡಿಯ ದಂಡಯಾತ್ರೆ ಎಂದು ಬೀಜಿಂಗ್‌ನಿಂದ ವಂತಿಗೆಯ ಕರೆ. ಹಾಪ್ಪೊ ಸಹ ಎರಡು ಮೂರು ವರ್ಷಕ್ಕೆ ಬದಲಾಗುವವನು. ಹೊಸಬ ಬಂದಾಗಲೆಲ್ಲ ಹೊಸ ಮಾಮೂಲು. ಕ್ಯಾಂಟನ್ನಿನ ಸುಂಕ 19ನೇ ಶತಮಾನದ ಆರಂಭದ ಹೊತ್ತಿಗೆ ವರ್ಷಕ್ಕೆ ಹತ್ತು ಲಕ್ಷ ಟೇಲ್ ದಾಟಿತ್ತು, ಆ ಹಣವೆಲ್ಲ ಈ ಬೆರಳೆಣಿಕೆಯ ಮಂಡಿಗಳ ಕೈಯಿಂದಲೇ ಹೋಗಬೇಕಿತ್ತು.

ವಿದೇಶಿಯರಿಂದ ಸಾಲ ಪಡೆಯುವುದು 1759ರ ಕಟ್ಟಳೆಯ ಪ್ರಕಾರ ಅಪರಾಧ. ಆದರೂ ಪಡೆದರು, ಏಕೆಂದರೆ ಮದ್ರಾಸ್ ಮತ್ತು ಬಂಗಾಳದ ಇಂಗ್ಲಿಷರು ವರ್ಷಕ್ಕೆ ನೂರಕ್ಕೆ ಹದಿನೆಂಟು ಇಪ್ಪತ್ತರ ಬಡ್ಡಿಗೆ ಹಣ ಕೊಡಲು ತುದಿಗಾಲಲ್ಲಿ ನಿಂತಿದ್ದರು. 1779ರ ಹೊತ್ತಿಗೆ ಬಾಕಿ ಮೂಲದ ಮೂರ್ನಾಲ್ಕು ಪಟ್ಟಾಗಿತ್ತು. ಸಾಲ ಕೊಟ್ಟವರ ಪರವಾಗಿ ಮದ್ರಾಸಿನಿಂದ ಯುದ್ಧನೌಕೆಯೇ ಪತ್ರ ಹೊತ್ತು ಬಂತು. ಸುದ್ದಿ ಚಕ್ರವರ್ತಿಗೆ ಮುಟ್ಟಿದಾಗ ಯಾನ್ ಶಿಯಿಂಗ್, ಝಾಂಗ್ ತಿಯಾನ್‌ಚಿಯು ಎಂಬ ಇಬ್ಬರು ವರ್ತಕರ ಆಸ್ತಿ ಜಪ್ತಿಯಾಗಿ, ಅವರನ್ನು ಸಾಮ್ರಾಜ್ಯದ ಪಶ್ಚಿಮದ ತುದಿಯ ಈಲಿಗೆ ಗಡೀಪಾರು ಮಾಡಲಾಯಿತು. ಉಳಿದ ಬಾಕಿಯನ್ನು ಹತ್ತು ಕಂತಿನಲ್ಲಿ ತೀರಿಸುವ ಹೊರೆ ಬಿದ್ದದ್ದು ಸಾಲ ಮಾಡದ ಇತರ ಮಂಡಿಗಳ ಮೇಲೆ. ಇದಕ್ಕಾಗಿ ವ್ಯಾಪಾರದ ಮೇಲೆ ನೂರಕ್ಕೆ ಮೂರರಂತೆ ಎತ್ತಿ ಕೂಡಿಟ್ಟ ನಿಧಿಯೇ ಕಾನ್ಸೂ ನಿಧಿ. ಒಬ್ಬ ಮುಳುಗಿದರೆ ಎಲ್ಲರೂ ತೀರಿಸುವ ಈ ನಿಯಮ ಸಾಲ ಕೊಡುವ ವಿದೇಶಿಯನಿಗೆ ವರವಾಯಿತು. ಮುಳುಗುವ ಮಂಡಿಗೂ ಅವನು ಧೈರ್ಯವಾಗಿ ಸಾಲ ಕೊಟ್ಟ. ರೋಗಕ್ಕೆ ಕೊಟ್ಟ ಮದ್ದೇ ರೋಗವನ್ನು ಬೆಳೆಸಿದ್ದು ಹೀಗೆ.

ಮಾತಾಡುವ ದಾರಿ

ವ್ಯಾಪಾರಿಗೆ ಅನ್ಯಾಯವಾದರೆ ಯಾರಿಗೆ ಹೇಳಬೇಕು? ಹಾಂಗ್ ವರ್ತಕನ ಕೈಯಲ್ಲಿ ‘ಬಿಂಗ್’ ಎಂಬ ಬಿನ್ನವತ್ತಳೆ ಕೊಡಬೇಕು. ಕೆಳಗಿನವನು ಮೇಲಿನವನಿಗೆ ಬರೆಯುವ ಪತ್ರದ ರೂಪ ಅದು. ಅದನ್ನು ಅವನು ಹಾಪ್ಪೊಗೆ ಅಥವಾ ಪ್ರಾಂತದ ಗವರ್ನರ್-ಜನರಲ್‌ಗೆ ಮುಟ್ಟಿಸುತ್ತಾನೆ. ದೂರು ಹಾಪ್ಪೊನ ಮೇಲೇ ಇದ್ದರೆ? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜ.

1759ರಲ್ಲಿ ಕಂಪನಿಯ ಜೇಮ್ಸ್ ಫ್ಲಿಂಟ್ ಈ ದಾರಿ ಬಿಟ್ಟು ನೇರ ತಿಯಾನ್‌ಜಿನ್‌ಗೆ ಹಡಗು ಬಿಟ್ಟ. ಚೀನೀ ಭಾಷೆ ಬಲ್ಲ ಅಪರೂಪದ ಇಂಗ್ಲಿಷ್ ವ್ಯಕ್ತಿ ಅವನು. ಅವನ ದೂರು ಚಕ್ರವರ್ತಿಯವರೆಗೂ ಹೋಯಿತು, ವಿಚಾರಣೆ ನಡೆಯಿತು, ಹಾಪ್ಪೊ ಕೆಲಸ ಕಳೆದುಕೊಂಡ. ಅಷ್ಟರ ಮಟ್ಟಿಗೆ ನ್ಯಾಯ ಸಿಕ್ಕಿತು. ಆದರೆ ನಿಯಮ ಮುರಿದದ್ದಕ್ಕೆ ಫ್ಲಿಂಟ್‌ಗೆ ಮಕಾವ್‌ನಲ್ಲಿ ಮೂರು ವರ್ಷ ಸೆರೆ. ದೂರು ಬರೆಯಲು ನೆರವಾದ ಚೀನೀಯ ಲಿಯು ಯಾಬಿಯಾನ್‌ನ ತಲೆ ಹೋಯಿತು. ಆಮೇಲೆ ಬಹಳ ಕಾಲ ಚೀನೀಯರಾರೂ ವಿದೇಶಿಯರಿಗೆ ಅಕ್ಷರ ಕಲಿಸಲು ಧೈರ್ಯ ಮಾಡದಿದ್ದದ್ದು ಸಹಜವೇ.

ಬ್ರಿಟಿಷ್ ಸರ್ಕಾರ ಆಗ ರಾಯಭಾರದ ಮೊರೆ ಹೋಯಿತು. 1792ರ ಸೆಪ್ಟೆಂಬರ್‌ನಲ್ಲಿ ಹೊರಟ ಲಾರ್ಡ್ ಮೆಕಾರ್ಟ್ನಿ ಕನ್ನಡನಾಡಿಗೆ ಅಪರಿಚಿತನಲ್ಲ. ಎರಡನೇ ಮೈಸೂರು ಯುದ್ಧದ ಕಾಲದಲ್ಲಿ ಮದ್ರಾಸಿನ ಗವರ್ನರ್ ಆಗಿದ್ದವನು ಅವನೇ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದಕ್ಕೆ ಟಿಪ್ಪುವಿನ ಬೀಡಿಗೆ ಅವನು ಕಳಿಸಿದ ಮೂವರಲ್ಲಿ ಒಬ್ಬನಾದ ಜಾರ್ಜ್ ಸ್ಟಾಂಟನ್, ಈಗ ಚೀನಾಕ್ಕೂ ಅವನ ಕಾರ್ಯದರ್ಶಿ. ಇಬ್ಬರಿಗೂ ಗೊತ್ತಿದ್ದ ಸಂಧಾನವೆಂದರೆ ಎದುರುಬದುರು ಕೂತು ಕಲಮು ಕಲಮಾಗಿ ಚೌಕಾಸಿ ಮಾಡುವಂಥದ್ದು. ಬೀಜಿಂಗ್‌ನಲ್ಲಿ ಅಂಥ ಮೇಜೇ ಇರಲಿಲ್ಲ. ಅವರನ್ನು ಹೊತ್ತ ದೋಣಿಗಳ ಬಾವುಟದ ಮೇಲೆ ‘ಕಪ್ಪ ತಂದ ಇಂಗ್ಲಿಷ್ ದೂತ’ ಎಂದು ಬರೆದಿತ್ತು. ಮೆಕಾರ್ಟ್ನಿಗೆ ಅದರ ಅರ್ಥ ಗೊತ್ತಾದರೂ ಸುಮ್ಮನಿದ್ದ.

1793ರ ಸೆಪ್ಟೆಂಬರ್ 14ರಂದು ಚಕ್ರವರ್ತಿಯ ಬೇಸಿಗೆ ಅರಮನೆಯಿದ್ದ ಜೆಹೋಲ್‌ನಲ್ಲಿ ಭೇಟಿ. ಮೂರು ಸಲ ಮಂಡಿಯೂರಿ, ಒಂಬತ್ತು ಸಲ ಹಣೆ ನೆಲಕ್ಕೆ ಮುಟ್ಟಿಸುವ ನಮಸ್ಕಾರಕ್ಕೆ ಒಪ್ಪದೆ, ಮೆಕಾರ್ಟ್ನಿ ಒಂದು ಮಂಡಿ ಮಾತ್ರ ಊರಿದ. ಸ್ಟಾಂಟನ್‌ನ ಹನ್ನೆರಡು ವರ್ಷದ ಮಗ ದಾರಿಯಲ್ಲಿ ಕಲಿತ ಚೀನೀಯಲ್ಲಿ ಎರಡು ಮಾತಾಡಿದಾಗ ಮುದುಕ ಚಕ್ರವರ್ತಿ ತನ್ನ ಸೊಂಟದ ಚೀಲವನ್ನೇ ಬಿಚ್ಚಿ ಕೊಟ್ಟ. ಬೇಡಿಕೆಗಳು ಬೇರೆ ಮಾತು: ಝೌಶಾನ್, ನಿಂಗ್ಬೊ, ತಿಯಾನ್‌ಜಿನ್‌ನಲ್ಲಿ ವ್ಯಾಪಾರ, ಬೀಜಿಂಗ್‌ನಲ್ಲಿ ಮಳಿಗೆ, ಝೌಶಾನ್ ಬಳಿ ಒಂದು ದ್ವೀಪ, ಕ್ಯಾಂಟನ್ ಬಳಿ ಒಂದು ತಾಣ, ಮಕಾವ್–ಕ್ಯಾಂಟನ್ ನಡುವಿನ ಸುಂಕದ ರಿಯಾಯಿತಿ, ಎಲ್ಲರಿಗೂ ಕಾಣುವ ನಿಗದಿಯಾದ ಸುಂಕದ ಪಟ್ಟಿ. ಒಂದೊಂದನ್ನೂ ಹೆಸರಿಸಿ ನಿರಾಕರಿಸಲಾಯಿತು.

ಆ ನಮಸ್ಕಾರ ಮಾಡಿದ್ದರೆ ಸಿಗುತ್ತಿತ್ತೇ? ಇದಕ್ಕೆ ಉತ್ತರ ಡಚ್ಚರಿಂದ ಸಿಗುತ್ತದೆ. 1795ರ ಜನವರಿಯಲ್ಲಿ ಬೀಜಿಂಗ್ ತಲುಪಿದ ಟಿಟ್ಸಿಂಗ್ ಮತ್ತು ವಾನ್ ಬ್ರಾಮ್ ಹೇಳಿದಲ್ಲೆಲ್ಲ ಹಣೆ ಮುಟ್ಟಿಸಿದರು. ವಾನ್ ಬ್ರಾಮ್‌ನ ಟೊಪ್ಪಿಗೆ ಬಿದ್ದು ಚಕ್ರವರ್ತಿ ನಕ್ಕದ್ದೂ ಉಂಟು. ವ್ಯಾಪಾರದಲ್ಲಿ ಅವರಿಗೂ ದಕ್ಕಿದ್ದು ಏನೂ ಇಲ್ಲ. ಆದ್ದರಿಂದ ನಮಸ್ಕಾರದ ಜಗಳಕ್ಕೆ ಇತಿಹಾಸದಲ್ಲಿ ಕೊಟ್ಟಿರುವ ತೂಕ ಹೆಚ್ಚಾಯಿತು ಎಂದೇ ಹೇಳಬೇಕು. ಬೀಜಿಂಗ್‌ಗೆ ದೂತನ ಜೊತೆ ವ್ಯಾಪಾರ ಮಾತಾಡುವ ಅಗತ್ಯವೇ ಇರಲಿಲ್ಲ. ಅದಕ್ಕೆಂದೇ ಕ್ಯಾಂಟನ್ನಿನಲ್ಲಿ ಜಾಮೀನುದಾರರಿದ್ದರು. 1816ರಲ್ಲಿ ಬಂದ ಬ್ರಿಟಿಷ್ ದೂತ ಆಮ್ಹರ್ಸ್ಟ್‌ನನ್ನು ಚಕ್ರವರ್ತಿಯ ಮುಖವನ್ನೂ ತೋರಿಸದೆ ಬಂದ ದಿನವೇ ಹಿಂದಕ್ಕೆ ಕಳಿಸಿದರು.

1834ರಲ್ಲಿ ಕಂಪನಿಯ ಏಕಸ್ವಾಮ್ಯ ಮುಗಿಯಿತು. ಕಂಪನಿಯ ಜಾಗದಲ್ಲಿ ಬ್ರಿಟಿಷ್ ದೊರೆಯ ಅಧಿಕಾರಿ ಲಾರ್ಡ್ ನೇಪಿಯರ್ ಬಂದ. ಅವನು ಅಪ್ಪಣೆಯಿಲ್ಲದೆ ಕ್ಯಾಂಟನ್ನಿಗೆ ಹೋಗಿ, ಬಿನ್ನಹದ ಬದಲು ಸಮಾನರಿಗೆ ಬರೆಯುವ ಪತ್ರ ಬರೆದ. ಅವನ ಕಾರ್ಯದರ್ಶಿ ಪತ್ರ ಹಿಡಿದು ನಗರದ್ವಾರದಲ್ಲಿ ಮೂರು ತಾಸು ನಿಂತ. ಅಧಿಕಾರಿಗಳು ಒಬ್ಬರ ಹಿಂದೆ ಒಬ್ಬರು ಬಂದು ನೋಡಿದರು, ಯಾರೂ ಮುಟ್ಟಲಿಲ್ಲ. ವ್ಯಾಪಾರ ನಿಂತಿತು. ನೇಪಿಯರ್ ಜ್ವರ ಹಿಡಿದು ಮಕಾವ್‌ಗೆ ಮರಳಿ ಅಕ್ಟೋಬರ್ 11ರಂದು ತೀರಿಕೊಂಡ.

ಜಾಮೀನು ಕಳಚಿದಾಗ

ಅಷ್ಟರಲ್ಲಿ ಈ ವ್ಯವಸ್ಥೆಯ ಬುಡಕ್ಕೇ ಗೆದ್ದಲು ಹಿಡಿದಿತ್ತು. ಚೀನಾದಲ್ಲಿ ನಿಷೇಧವಿದ್ದ ಅಫೀಮನ್ನು ತರುವ ಹಡಗುಗಳು ವಾಂಪೋವಕ್ಕೆ ಬರುವುದನ್ನೇ ಬಿಟ್ಟು, ನದಿಮುಖದ ಲಿಂಟಿನ್ ದ್ವೀಪದ ಬಳಿ ನಿಂತವು. ಅಲ್ಲಿ ಅಳತೆಯಿಲ್ಲ, ಕಾಣಿಕೆಯಿಲ್ಲ, ಜಾಮೀನಿಲ್ಲ. ಬೆಳ್ಳಿ ಕ್ಯಾಂಟನ್ನಿನಲ್ಲಿ ಎಣಿಸಿ ಚೀಟಿ ಪಡೆದರೆ, ಪೆಟ್ಟಿಗೆಯನ್ನು ಲಿಂಟಿನ್‌ನಲ್ಲಿ ಹತ್ತಾರು ಹುಟ್ಟುಗಳ ವೇಗದ ದೋಣಿಗಳು ಬಂದು ಒಯ್ಯುತ್ತಿದ್ದವು. ಹಾಂಗ್ ವರ್ತಕ ಮಾತ್ರ ತಾನು ಜಾಮೀನು ನಿಂತ ಹಡಗಿನಲ್ಲಿ ಅಫೀಮಿಲ್ಲ ಎಂದು ಮುಚ್ಚಳಿಕೆ ಬರೆದುಕೊಡುತ್ತಲೇ ಇದ್ದ. 1821ರಲ್ಲಿ ಇದೇ ವಿಷಯಕ್ಕೆ ಹೌಕ್ವಾನ ಟೊಪ್ಪಿಗೆಯ ಮೇಲಿನ, ಪದವಿ ಸೂಚಿಸುವ ಗುಂಡಿಯನ್ನು ಕಿತ್ತುಕೊಂಡದ್ದಾಯಿತು.

1839ರಲ್ಲಿ ಅಫೀಮು ತಡೆಯಲೆಂದು ಚಕ್ರವರ್ತಿ ಕಳಿಸಿದ ಅಧಿಕಾರಿ ಲಿನ್ ಝೆಶು 20,283 ಪೆಟ್ಟಿಗೆ ಅಫೀಮು ವಶಪಡಿಸಿಕೊಂಡು ಹೂಮೆನ್‌ನಲ್ಲಿ ನಾಶ ಮಾಡಿಸಿದ್ದು ಎಲ್ಲರಿಗೂ ಗೊತ್ತು. ಅವನ ಇನ್ನೊಂದು ಆಜ್ಞೆ ಅಷ್ಟೇ ಮುಖ್ಯ: ಮುಚ್ಚಳಿಕೆಯನ್ನು ಇನ್ನು ಮುಂದೆ ವಿದೇಶಿಯರೇ ಬರೆದುಕೊಡಬೇಕು, ಅಫೀಮು ಸಿಕ್ಕರೆ ಮಾಲು ಜಪ್ತಿ, ತಂದವನಿಗೆ ಮರಣದಂಡನೆ. ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಎಲಿಯಟ್ ಒಪ್ಪಲಿಲ್ಲ. ಇದಕ್ಕೆ ಹಳೆಯ ಗಾಯವೊಂದಿತ್ತು. 1784ರಲ್ಲಿ ಮುಂಬಯಿಯಿಂದ ಹೋದ ‘ಲೇಡಿ ಹ್ಯೂಸ್’ ಹಡಗು ಮರ್ಯಾದೆಗೆ ಹಾರಿಸಿದ ತೋಪಿಗೆ ಇಬ್ಬರು ಚೀನೀಯರು ಸತ್ತಾಗ, ವ್ಯಾಪಾರ ನಿಲ್ಲಿಸಿ ತೋಪಿನವನನ್ನು ಪಡೆದುಕೊಂಡು ಕತ್ತು ಬಿಗಿದು ಕೊಂದಿದ್ದರು. ಆಮೇಲೆ ಇಂಗ್ಲಿಷರು ತಮ್ಮವರನ್ನು ಚೀನಾದ ಕಾನೂನಿಗೆ ಒಪ್ಪಿಸಲಿಲ್ಲ.

ಆದರೂ ‘ಥಾಮಸ್ ಕೂಟ್ಸ್’ ಎಂಬ ಬ್ರಿಟಿಷ್ ಹಡಗಿನ ಕಪ್ತಾನ ಮುಚ್ಚಳಿಕೆಗೆ ಸಹಿ ಹಾಕಿ ಒಳಗೆ ಹೋಗಿಯೇಬಿಟ್ಟ. ಅವನ ಹಿಂದೆ ‘ರಾಯಲ್ ಸ್ಯಾಕ್ಸನ್’ ಹೊರಟಿತು. 1839ರ ನವೆಂಬರ್ 3ರಂದು ಅದನ್ನು ತಡೆಯಲು ಗುಂಡು ಹಾರಿಸಿದ್ದು ಬ್ರಿಟಿಷ್ ಯುದ್ಧನೌಕೆ. ಅದರ ರಕ್ಷಣೆಗೆ ಬಂದದ್ದು ಚೀನೀ ನೌಕೆಗಳು. ಚುವಾನ್‌ಬಿ ಕದನ ಶುರುವಾದದ್ದು ಹೀಗೆ: ಚೀನಾದ ಷರತ್ತಿಗೆ ಒಪ್ಪಿ ಚೀನಾದ ಮಾರುಕಟ್ಟೆಗೆ ಹೊರಟ ಬ್ರಿಟಿಷ್ ಹಡಗನ್ನು ಬ್ರಿಟಿಷರೇ ತಡೆದಾಗ.

1842ರ ಆಗಸ್ಟ್ 29ರ ನಾನ್‌ಜಿಂಗ್ ಒಪ್ಪಂದ ಐದು ಬಂದರು ತೆರೆಸಿತು, ಹಾಂಗ್‌ಕಾಂಗ್ ಕಿತ್ತುಕೊಂಡಿತು, ಅಧಿಕಾರಿಗಳ ನಡುವೆ ಸಮಾನರ ಪತ್ರವ್ಯವಹಾರಕ್ಕೆ ದಾರಿ ಮಾಡಿತು, ಹಾಂಗ್ ವರ್ತಕರ ಏಕಸ್ವಾಮ್ಯವನ್ನು ರದ್ದು ಮಾಡಿತು. ಚೀನಾ ತೆರಬೇಕಾದ 2.1 ಕೋಟಿ ಡಾಲರಿನಲ್ಲಿ 30 ಲಕ್ಷ ಹಾಂಗ್ ವರ್ತಕರ ಹಳೆಯ ಸಾಲದ ಬಾಬ್ತು. ಅದರಲ್ಲಿ 10 ಲಕ್ಷ ಕೊಟ್ಟವನು ಮುಪ್ಪಿನ ಹೌಕ್ವಾ. ಮರುವರ್ಷ ಅವನು ಸತ್ತ.

1843ರಲ್ಲಿ ಹೊಸ ವ್ಯಾಪಾರದ ಕಟ್ಟಳೆಗಳು ಬಂದವು. ಅಳತೆಪಟ್ಟಿಯೂ ಕಾಣಿಕೆಯೂ ಹೋದವು. 150 ಟನ್ನಿಗೆ ಮೇಲ್ಪಟ್ಟ ಹಡಗಿಗೆ ಟನ್ನಿಗೆ ಅರ್ಧ ಟೇಲ್ ಎಂಬ ಒಂದೇ ದರ ಬಂತು. ಅದೇ ಕಟ್ಟಳೆಗಳಲ್ಲಿ ಹಾಂಗ್ ವರ್ತಕರ ಜಾಮೀನು ಇನ್ನಿಲ್ಲ ಎಂಬ ಕಲಮೂ ಇದೆ. ಐದು ಬಂದರಿಗೆ ಬರುವ ಬ್ರಿಟಿಷ್ ಹಡಗುಗಳಿಗೆಲ್ಲ ಇನ್ನು ಮುಂದೆ ಜಾಮೀನು ನಿಲ್ಲುವವನು ಬ್ರಿಟಿಷ್ ಕಾನ್ಸಲ್ ಎಂದು ಅದರಲ್ಲಿ ಬರೆದಿದೆ.